ದಾರೂವಾಲಾ ಅವರ ಅಡ್ಡಹೆಸರು

ಕೆಲಸ ಶುರುವಾದದ್ದು 1969ರ ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ. ಒಂಬತ್ತಕ್ಕೆ ಬಾ ಎಂದಿದ್ದರು. ಇಪ್ಪತ್ತು ನಿಮಿಷ ಮೊದಲೇ ಹೋಗಿ ಬಾಗಿಲ ಹೊರಗೆ ನಿಂತಿದ್ದೆ ಎಂದು ಆ ದಿನದ ಡೈರಿಯಲ್ಲಿದೆ. ಆಗ ನನಗೆ ಇಪ್ಪತ್ತಾರು ವರ್ಷ. ದಿನಾಂಕ, ಗಂಟೆ, ಎಣಿಕೆ ಬರೆದಿಡುವ ಅಭ್ಯಾಸ ಹೈಸ್ಕೂಲಿನಿಂದಲೇ ಇತ್ತು. ಅದನ್ನು ನಾನೊಂದು ಗುಣ ಎಂದೇ ತಿಳಿದಿದ್ದೆ.

ಕೆಲಸ ನ್ಯೂಜೆರ್ಸಿಯ ಒಂದು ಸಣ್ಣ ಕಾಲೇಜಿನ ಗ್ರಂಥಾಲಯದಲ್ಲಿ, ಕ್ಯಾಟಲಾಗ್ ವಿಭಾಗದಲ್ಲಿ. ಕಾಲೇಜಿನ ಹೆಸರು ಬೇಡ. ನಾನಿದ್ದದ್ದು ಜರ್ಸಿ ಸಿಟಿಯಲ್ಲಿ, ಧಾರವಾಡದ ಬಸವರಾಜ ಮೆಣಸಿನಕಾಯಿ ಎಂಬ ಎಂಜಿನಿಯರ್ ಜೊತೆ ಒಂದು ಅಪಾರ್ಟ್‌ಮೆಂಟಿನಲ್ಲಿ. ದಿನಾ ಎರಡು ಬಸ್ಸು ಹಿಡಿದು ಕಮ್ಯೂಟ್ ಮಾಡುತ್ತಿದ್ದೆ. ನಿವೃತ್ತಿಯಾದ ಮೇಲೆ ಓಲ್ಡ್ ಬ್ರಿಡ್ಜ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗ್ರಂಥಾಲಯದ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು, "ಅಂಕಲ್, ಕಂಪ್ಯೂಟರ್ ಇಲ್ಲದಾಗ ದಿನವಿಡೀ ಏನು ಮಾಡ್ತಿದ್ರಿ?" ಎಂದು ಕೇಳುತ್ತಾರೆ. ತಪ್ಪು ಮಾಡುತ್ತಿದ್ದೆವು, ನಿಧಾನವಾಗಿ, ಕೈಯಿಂದ. ಅದರಲ್ಲಿ ನನ್ನ ಅತಿ ದೊಡ್ಡ ತಪ್ಪಿನ ವಿಷಯ ಇದು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಮೂರು ಸಿಕ್ಕವು. ಮೂರು ಸಲವೂ ಕುರ್ಚಿ ಬದಲಾಯಿತು, ಕೆಲಸ ಬದಲಾಗಲಿಲ್ಲ.

ಮೊದಲ ದಿನವೇ ಹೆಸರಿನ ತೊಂದರೆ. ನನ್ನ ಹೆಸರು ಹೆಚ್. ವಿ. ಶ್ರೀಧರ. ಹೆಚ್ ಅಂದರೆ ಊರು ಹಂಪಾಪುರ, ವಿ ಅಂದರೆ ಅಪ್ಪ ವೆಂಕಟೇಶಯ್ಯ. ಫಾರಂನಲ್ಲಿ ಸರ್‌ನೇಮ್ ಎಂಬ ಜಾಗವಿತ್ತು. ಮೈಸೂರು ಸೀಮೆಯವರಿಗೆ ಅಲ್ಲಿ ತುಂಬಲು ಏನೂ ಇರುವುದಿಲ್ಲ. ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ ಎಂದರು. ಊರಿನ ಹೆಸರು ಬರೆದೆ. ಅಲ್ಲಿಂದ ನಾನು ಮಿಸ್ಟರ್ ಹಂಪಾಪುರ. ಆ ಊರಿನಿಂದ ಅಮೆರಿಕಕ್ಕೆ ಬಂದವನು ನಾನೊಬ್ಬನೇ ಆದ್ದರಿಂದ ಯಾರ ಆಕ್ಷೇಪವೂ ಬರಲಿಲ್ಲ. ಹೆಸರಿನ ಯಾವ ತುಂಡು ಯಾವ ಕೆಲಸ ಮಾಡುತ್ತದೆ ಎಂಬ ಪಾಠ ನನಗೆ ಆ ದಿನವೇ ಸಿಕ್ಕಿತ್ತು. ಕಲಿಯಲಿಲ್ಲ.

ನನ್ನ ಮೇಲಧಿಕಾರಿ ಮಿಸ್ ಹಾಫ್‌ಮನ್. ಐವತ್ತೆಂಟು ವರ್ಷ, ಬೂದು ಸ್ವೆಟರ್, ಜೇಬಿನಲ್ಲಿ ಆರಂಗುಲದ ಉಕ್ಕಿನ ಸ್ಕೇಲು. ಟೈಪ್ ಮಾಡಿದ ಪ್ರತಿ ಕಾರ್ಡಿನ ಅಂಚನ್ನು ಅದರಿಂದ ಅಳೆಯುತ್ತಿದ್ದರು. ರಬ್ಬರ್ ಬಳಸುವ ಹಾಗಿಲ್ಲ. ಒಂದು ಅಕ್ಷರ ತಪ್ಪಿದರೂ ಹೊಸ ಕಾರ್ಡು. ನಾನು ದಿನಕ್ಕೆ ಎಷ್ಟು ಕಾರ್ಡು ಕೆಡಿಸಿದೆ ಎಂದು ಬರೆದಿಡುತ್ತಿದ್ದೆ: ಮೊದಲ ವಾರ ಮೂವತ್ತೊಂದು, ಡಿಸೆಂಬರ್ ಹೊತ್ತಿಗೆ ಎರಡು. ಕಾರ್ಡಿನಲ್ಲಿ ಬರೆದದ್ದು ನಿಜವೇ ಎಂದು ಅಳೆಯುವ ಸ್ಕೇಲು ಮಾತ್ರ ಅವರ ಹತ್ತಿರ ಇರಲಿಲ್ಲ, ಯಾರ ಹತ್ತಿರವೂ ಇರಲಿಲ್ಲ.

1970ರ ಮಾರ್ಚ್ 16, ಸೋಮವಾರ. ಮಿಸ್ ಹಾಫ್‌ಮನ್ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಹನ್ನೆರಡು ಪೆಟ್ಟಿಗೆಗಳು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಪ್ರೊಫೆಸರ್ ಒಬ್ಬರ ವಿಧವೆ, ಭಾರತದವರು, ಕೊಟ್ಟದ್ದಂತೆ. ಮೇಲಿನ ಪೆಟ್ಟಿಗೆಯಲ್ಲಿ ಒಂದು ಹಳದಿ ಹಾಳೆ.

"ಇದು ನಿಮ್ಮ ಲಿಪಿಯೇ?" ಎಂದು ಕೇಳಿದರು.

ನಮ್ಮ ಲಿಪಿಯೇ. 'ಹನ್ನೆರಡು ಪೆಟಿಗಿಗಳ ಯಾದಿ' ಎಂದು ತಲೆಬರಹ. ಪಾರ್ಸಿಯೊಬ್ಬರ ಕಾಗದಪತ್ರಗಳ ಪಟ್ಟಿಯನ್ನು ಹುಬ್ಬಳ್ಳಿಯ ಯಾವನೋ ಗುಮಾಸ್ತ ದುಂಡು ಕನ್ನಡದಲ್ಲಿ ಬರೆದಿದ್ದ. ಪೆಟ್ಟಿಗೆಗಳು ನನ್ನ ಪಾಲಿಗೆ ಬಂದದ್ದು ಆ ಒಂದು ಹಾಳೆಯಿಂದ. ತಪ್ಪು ಹುಟ್ಟಿದ್ದೂ ಅದೇ ಹಾಳೆಯಿಂದ.

ನಲವತ್ತೊಂದು ಕೆಲಸದ ದಿನ ಆ ಪೆಟ್ಟಿಗೆಗಳ ಜೊತೆ ಕೂತೆ. ಒಟ್ಟು ಮುನ್ನೂರ ಹದಿನೆಂಟು ವಸ್ತುಗಳು. ಗುಜರಾತಿ ನನಗೆ ಬಾರದು, ಇಂಗ್ಲಿಷಿನವನ್ನು ಓದಿದೆ. ಓದುತ್ತಾ ಓದುತ್ತಾ ಈ ಸೊರಾಬ್‌ಜಿ ಮಾಣೆಕ್‌ಜಿ ಎಂಬ ಮನುಷ್ಯ ನನಗೆ ತುಂಬಾ ಹಿಡಿಸಿದರು. ಅವರೂ ಎಣಿಸುವವರೇ.

ಬೊಂಬಾಯಿಯಲ್ಲಿ ಹುಟ್ಟಿ, ಶಾಲಾ ಮಾಸ್ತರರಾಗಿ, ನಮ್ಮ ದೇಶದಲ್ಲಿ ರಾಜಕೀಯ ಸಭೆ ಎಂಬುದು ಇನ್ನೂ ಹೊಸತಾಗಿದ್ದ ಕಾಲದಲ್ಲಿ ಸಭೆ ಕಟ್ಟಿದವರು. ಸರ್ಕಾರಕ್ಕೆ ಅರ್ಜಿ ಬರೆಯುವುದೇ ಆಗಿನ ರಾಜಕೀಯ. ಇನ್ನೂರ ಹನ್ನೆರಡು ಅರ್ಜಿ ಬರೆದು, ಪ್ರತಿಯೊಂದರ ನಕಲು ಇಟ್ಟಿದ್ದರು. ಉತ್ತರ ಬಂದದ್ದು ಮೂವತ್ತೆಂಟಕ್ಕೆ. ಅದರಲ್ಲಿ ಮೂವತ್ತೊಂದರಲ್ಲಿ 'ತಮ್ಮ ಅರ್ಜಿ ತಲುಪಿದೆ' ಎಂದಷ್ಟೇ ಇತ್ತು. ಕೂಲಿಕಾರರ ಓಣಿಗೆ ನಲ್ಲಿ ಹಾಕಿಸಿ ಎಂಬ ಒಂದೇ ಅರ್ಜಿಯನ್ನು ಹನ್ನೊಂದು ವರ್ಷ ಕಳಿಸಿದ್ದರು, ದಿನಾಂಕ ಮಾತ್ರ ಬದಲಾಯಿಸಿ. ಹನ್ನೆರಡನೆಯ ವರ್ಷ ನಲ್ಲಿ ಬಂತು. ಉದ್ಘಾಟನೆಗೆ ಅವರನ್ನು ಕರೆಯಲಿಲ್ಲ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಲು ಒಮ್ಮೆ ಲಂಡನ್ನಿಗೆ ಹೋಗಿ, ಐದು ತಿಂಗಳು ಕಾದು, ಒಂಬತ್ತು ನಿಮಿಷ ಮಾತಾಡಿ ಬಂದರು. ಆ ಒಂಬತ್ತನ್ನೂ ಗಡಿಯಾರ ನೋಡಿಯೇ ಬರೆದಿಟ್ಟಿದ್ದರು.

ಹೆಣ್ಣುಮಕ್ಕಳಿಗೆ ಮನೆಯ ಜಗಲಿಯಲ್ಲಿ ಶಾಲೆ ತೆರೆದರು. ಮೊದಲ ದಿನದ ಹಾಜರಿ ಮೂರು: ಹೆಂಡತಿ, ನಾದಿನಿ, ಪಕ್ಕದ ಮನೆಯಾಕೆ. ಎರಡನೆಯ ದಿನ ಪಕ್ಕದ ಮನೆಯಾಕೆಯ ಗಂಡ ಬಂದು ಕರೆದುಕೊಂಡು ಹೋದ, ಹಾಜರಿ ಎರಡು. ತೊಟ್ಟಿಲ ಕೂಸಾಗಿದ್ದ ಮಗಳಿಗೆ ನಿಶ್ಚಿತಾರ್ಥ ಮಾಡಲು ಒಪ್ಪದಿದ್ದಾಗ ಸಮಾಜದವರು ಊಟಕ್ಕೆ ಕರೆಯುವುದನ್ನು ಬಿಟ್ಟರು. ಆ ವರ್ಷ ಬಾರದೆ ಹೋದ ಮದುವೆ ಕರೆಯೋಲೆಗಳ ಪಟ್ಟಿಯನ್ನೂ ಮಾಡಿದ್ದರು. ಹೆಂಡದ ವಿರುದ್ಧ ಮಾತ್ರ ಮೂವತ್ತು ವರ್ಷ ಬಿಡದೆ ಭಾಷಣ.

ಈಗ ಆ ಹಳದಿ ಹಾಳೆ. ಅದರಲ್ಲಿ ಹೀಗಿತ್ತು: 'ಸೊರಾಬಜಿ ಮಾಣೇಕಜಿ, ಅಡ್ಡಹೆಸರು ದಾರೂವಾಲಾ.'

ಅಡ್ಡಹೆಸರು ಎಂದರೆ ನಮ್ಮ ಮೈಸೂರು ಕಡೆ, ಊರವರು ಅಂಟಿಸಿದ ಹೆಸರು. ಕುಂಟ, ಗೂಬೆ, ಬೋಂಡ ಎನ್ನುವಂಥದು. ಹೆಂಡ ಬೇಡ ಎಂದು ಊರೂರು ತಿರುಗಿದ ಮನುಷ್ಯನಿಗೆ ಹೆಂಡದವನು ಎಂದು ಅಂಟಿಸಿದ್ದಾರಲ್ಲ, ಎಂಥ ದುಷ್ಟರು ಎಂದುಕೊಂಡೆ. ಮೂರನೆಯ ಪೆಟ್ಟಿಗೆಯಲ್ಲಿ ಪುರಾವೆಯೂ ಸಿಕ್ಕಿತು. ಪತ್ರಿಕೆಯಿಂದ ಕತ್ತರಿಸಿದ ವ್ಯಂಗ್ಯಚಿತ್ರ: ಉದ್ದ ಟೋಪಿಯ ಪಾರ್ಸಿಯೊಬ್ಬ ಸಾರಾಯಿ ಪೀಪಾಯಿಯ ಮೇಲೆ ನಿಂತು ಉಪದೇಶ ಮಾಡುತ್ತಿದ್ದಾನೆ, ಕೆಳಗೆ 'ದಾರೂವಾಲಾ ಉವಾಚ' ಎಂಬ ಅರ್ಥದ ಇಂಗ್ಲಿಷ್ ಸಾಲು. ಅಚ್ಚಾದ ಅವರ ಪುಸ್ತಿಕೆಗಳ ಮೇಲೆಲ್ಲ ಬರೀ ಸೊರಾಬ್‌ಜಿ ಮಾಣೆಕ್‌ಜಿ ಎಂದಿತ್ತು. ಸರ್ಕಾರದ ಪತ್ರಗಳಲ್ಲೂ ಅಷ್ಟೇ. ನನಗೆ ಸಂಶಯವೇ ಉಳಿಯಲಿಲ್ಲ.

ಮಿಸ್ ಹಾಫ್‌ಮನ್ ಹತ್ತಿರ ಹೋಗಿ, "ಒಂದು ಪದ ಬೈಗುಳ ಇದೆ, ಶೀರ್ಷಿಕೆಯಲ್ಲಿ ಹಾಕಬಹುದಾ?" ಎಂದು ಕೇಳಿದೆ.

"ಬೈಗುಳ ಹಾಕುವುದಿಲ್ಲ" ಎಂದರು. "ಕೊನೆಯಲ್ಲಿ ಎರಡೂ ಕಡೆ ಈ ಜಿ ಏನು?"

"ಗೌರವಸೂಚಕ. ಗುರೂಜಿ ಅಂತೀವಲ್ಲ, ಹಾಗೆ."

"ಗೌರವಸೂಚಕ ಬಿಡಬೇಕು. ನಿಯಮ."

ಬೈಗುಳ ತೆಗೆದೆ, ಗೌರವ ತೆಗೆದೆ. ಕಾರ್ಡಿನಲ್ಲಿ ಕೊನೆಯ ಹೆಸರು ಮೊದಲು ಬರಬೇಕು, ಹಾಗಾಗಿ ಉಳಿದದ್ದು 'ಮಾಣೆಕ್, ಸೊರಾಬ್'. ಎಂ ಅಕ್ಷರದ ಡ್ರಾಯರ್. ಅರವತ್ತನಾಲ್ಕು ಕಾರ್ಡು ಟೈಪ್ ಮಾಡಿದೆ, ಒಂದೂ ಕೆಡಲಿಲ್ಲ. ಮಿಸ್ ಹಾಫ್‌ಮನ್ ಅಳೆದು ನೋಡಿ, "ಪರ್ಫೆಕ್ಟ್" ಎಂದರು. ಅವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ಡೈರಿಯಲ್ಲಿ ಅದರ ಕೆಳಗೆ ಗೆರೆ ಎಳೆದಿದ್ದೇನೆ.

ದಾರೂವಾಲಾ ಎಂಬ ಪದ ಡ್ರಾಯರುಗಳಲ್ಲಿ ಎಲ್ಲೂ ಇರಲಿಲ್ಲ. ಸತ್ತ ಮನುಷ್ಯನೊಬ್ಬನ ಮಾನ ಕಾಪಾಡಿದೆ ಎಂಬ ತೃಪ್ತಿಯಲ್ಲಿದ್ದೆ.

ಅದೇ ವರ್ಷ ಇನ್ನೊಂದು ಕೆಲಸ ನನಗೆ ಸೇರಿಸಿದರು. ಯಾವ ಸಂಗ್ರಹವನ್ನು ಎಷ್ಟು ಜನ ಕೇಳಿ ಓದಿದರು ಎಂದು ಎಣಿಸಿಡುವುದು. ಎಣಿಕೆಯಲ್ಲಿ ನನಗೆ ಆಸಕ್ತಿ ಇದೆ ಎಂದು ಅವರಿಗೆ ಗೊತ್ತಾಗಿತ್ತು. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಗೀಟು ಹಾಕುತ್ತಿದ್ದೆ. ನಾಲ್ಕು ವರ್ಷ 'ಮಾಣೆಕ್, ಸೊರಾಬ್' ಸಾಲಿನಲ್ಲಿ ಒಂದು ಗೀಟೂ ಬೀಳಲಿಲ್ಲ. ಅಮೆರಿಕದವರಿಗೆ ನಮ್ಮ ಇತಿಹಾಸದಲ್ಲಿ ಆಸಕ್ತಿ ಇಲ್ಲ ಎಂದು ಬಸವರಾಜನ ಹತ್ತಿರ ಆಗಾಗ ದೂರುತ್ತಿದ್ದೆ.

1974ರ ವಸಂತದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿತು. ಕಪಾಟು ಕಡಿಮೆಯಾದವು. ನಾಲ್ಕು ವರ್ಷ ಯಾರೂ ಮುಟ್ಟದ ಸಂಗ್ರಹಗಳನ್ನು ಕೊಟ್ಟವರಿಗೆ ಹಿಂದಿರುಗಿಸುವುದು, ಅವರು ಒಯ್ಯದಿದ್ದರೆ ವಿಲೇವಾರಿ ಮಾಡುವುದು ಎಂದು ಸಮಿತಿ ಹೇಳಿತು. ಯಾರೂ ಮುಟ್ಟದವು ಯಾವುವು ಎಂದು ತೋರಿಸಲು ನನ್ನ ಪುಸ್ತಕಕ್ಕಿಂತ ಒಳ್ಳೆಯ ದಾಖಲೆ ಇರಲಿಲ್ಲ. ಪಟ್ಟಿ ನಾನೇ ಟೈಪ್ ಮಾಡಿದೆ. ಹತ್ತೊಂಬತ್ತು ಸಂಗ್ರಹಗಳು. ಏಳನೆಯದು ಸೊರಾಬ್‌ಜಿಯವರದು. ಕೊಟ್ಟವರಿಗೆ ಪತ್ರ ಹೋಯಿತು. ಜೂನ್ 21ರ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ತೀರ್ಮಾನ.

ಜೂನ್ 12, ಬುಧವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಓದುವ ಕೋಣೆಯಿಂದ ಫೋನು: ಇಂಡಿಯಾದ ಮುದುಕಿಯೊಬ್ಬರು ಡಿ ಡ್ರಾಯರ್ ಹೊರಗೆ ಎಳೆದಿಟ್ಟುಕೊಂಡಿದ್ದಾರೆ, ಮುಚ್ಚಲು ಬಿಡುತ್ತಿಲ್ಲ, ನೀವು ಬನ್ನಿ.

ಹೋದೆ. ಎಪ್ಪತ್ತೈದು ದಾಟಿದ, ಪುಟ್ಟ ಆಕಾರದ, ಪಾರ್ಸಿಗಳ ರೀತಿ ಉಟ್ಟ ಬಿಳಿ ಸೀರೆಯ ಮೇಲೆ ಕೋಟು ಹಾಕಿದ ಹೆಂಗಸು. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದರು.

"ಹಂಪಾಪುರ. ಕನ್ನಡದಾಂವ ಏನು ತಮ್ಮಾ?"

ಪಾರ್ಸಿ ಹೆಂಗಸಿನ ಬಾಯಲ್ಲಿ ಹುಬ್ಬಳ್ಳಿ ಕನ್ನಡ ಕೇಳಿ ನಾನು ತಡವರಿಸಿದೆ. "ಹೌದಮ್ಮ. ನೀವು?"

"ಶಿರೀನ್‌ಬಾಯಿ. ಹುಬ್ಬಳ್ಯಾಗ ಬೆಳದಾಕಿ. ನಮ್ಮಪ್ಪ ರೇಲ್ವೆ ಸ್ಟೇಶನ್ದಾಗ ಸೋಡಾ-ಬಿಸ್ಕೀಟ ಅಂಗಡಿ ಇಟ್ಟಿದ್ದ. ನಮ್ಮವ್ವ ತವರಿಂದ ಬಂಗಾರ ತರಲಿಲ್ಲ, ಹನ್ನೆರಡು ಪೆಟಿಗಿ ಕಾಗದ ತಂದ್ಲು. ಅವನ್ನ ನಿಮಗ ಕೊಟ್ಟೆ. ಈಗ ಯಾರಿಗೂ ಬ್ಯಾಡ, ಒಯ್ರಿ ಅಂತ ಪತ್ರ ಬರದೀರಿ. ನಾನು ಈ ತಿಂಗಳ ಕೊನೀಗೆ ಟೊರಾಂಟೋಕ್ಕ ಹೊಂಟೇನಿ, ತಮ್ಮನ ಮಗನ ಮನೀಗೆ. ಒಂದು ಖೋಲಿ ಕೊಟ್ಟಾನ. ಅದರಾಗ ಪೆಟಿಗಿ ಇಟ್ಟರ ನಾನು ಎಲ್ಲಿ ಮಲಗೂದು? ಬೀದಿಗೆ ಇಡಬೇಕಾಗ್ತದ. ಇಡೂಕಿಂತ ಮೊದಲ ಅಜ್ಜನ ಹೆಸರು ಒಮ್ಮೆ ನೋಡೂಣು ಅಂತ ಬಂದ್ರ, ಹೆಸರೇ ಇಲ್ಲಲ್ಲೋ."

"ಇದೆ ಅಮ್ಮ. ಎಂ ಡ್ರಾಯರ್‌ನಲ್ಲಿದೆ."

ತೆಗೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ ಕಾರ್ಡಿನ ಹತ್ತಿರ ಬಗ್ಗಿ ಓದಿದರು.

"ಇಂವ ಯಾರು? ಮಾಣೆಕ್ ಸೊರಾಬ್?"

"ನಿಮ್ಮ ತಾತ."

"ನಮ್ಮ ಅಜ್ಜ ದಾರೂವಾಲಾ."

ನಾನು ದನಿ ತಗ್ಗಿಸಿದೆ. "ಅದು ಅಡ್ಡಹೆಸರು ಅಂತ ಬರೆದಿತ್ತು. ಅದಕ್ಕೇ ತೆಗೆದೆ."

"ಅಡ್ಡಹೆಸರೇ. ಅದನ್ನ ತಗದ್ರ ಮತ್ತೇನು ಉಳೀತು? ನಿನಗ ಅಡ್ಡಹೆಸರು ಇಲ್ಲೇನು?"

"ನನಗೆ ಯಾಕಮ್ಮ ಅಡ್ಡಹೆಸರು? ನಾನೇನು ಮಾಡಿದ್ದೀನಿ?"

ಅವರು ಕುರ್ಚಿಯಲ್ಲಿ ಕೂತು, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು: "ಪಾಟೀಲ, ದೇಸಾಯಿ, ಕುಲಕರ್ಣಿ. ಇವೆಲ್ಲಾ ಅಡ್ಡಹೆಸರು. ಮನೆತನದ ಹೆಸರು. ತಿಳೀತೇನು ತಮ್ಮಾ?"

ತಿಳಿಯಿತು. ಧಾರವಾಡದ ಕಡೆ ಅಡ್ಡಹೆಸರು ಎಂದರೆ ಸರ್‌ನೇಮ್. ಅಂದರೆ ಇಡೀ ಹೆಸರಿನಲ್ಲಿ ಕ್ಯಾಟಲಾಗಿಗೆ ಬೇಕಾಗಿದ್ದ ಒಂದೇ ಒಂದು ಪದ.

ಮಧ್ಯಾಹ್ನ ಪೂರ್ತಿ ಅವರನ್ನು ಪೆಟ್ಟಿಗೆಗಳ ಹತ್ತಿರ ಕೂರಿಸಿದೆ. ಏಳನೆಯ ಪೆಟ್ಟಿಗೆಯಿಂದ ಒಂದು ಗುಜರಾತಿ ಪತ್ರದ ನಕಲು ತೆಗೆದು, ನೇರವಾಗಿ ಕನ್ನಡಕ್ಕೆ ತಿರುಗಿಸುತ್ತಾ ಓದಿದರು. ಮದ್ಯನಿಷೇಧದ ಸಭೆಯವರು ಹೆಸರು ಬದಲಾಯಿಸಿಕೊಳ್ಳಿ ಎಂದು ಕೇಳಿದ್ದಕ್ಕೆ ಅಜ್ಜನ ಉತ್ತರ. ನಾನು ಅಲ್ಲೇ ಬರೆದುಕೊಂಡೆ (ಸೆರೆ ಎಂದರೆ ಅವರ ಕಡೆ ಹೆಂಡ, ಪಲ್ಟಣ ಎಂದರೆ ಸೈನ್ಯದ ತುಕಡಿ):

"ನಮ್ಮ ಅಜ್ಜ ಪಲ್ಟಣಕ್ಕ ಸೆರೆ ಮಾರಿ ಮನಿ ಕಟ್ಟಿಸಿದ. ಆ ಮನ್ಯಾಗ ಕುಂತು ನಾನು ಸೆರೆ ಬ್ಯಾಡ ಅಂತೀನಿ. ಹೆಸರು ಇದ್ದರ ಜನ ನಗತಾರ, ನಕ್ಕೋಂತ ಕೇಳತಾರ. ಹೆಸರು ತಗದರ ಬರೇ ಉಪದೇಶ ಉಳೀತದ. ಪುಸ್ತಕದ ಮ್ಯಾಲೆ ಅಪ್ಪನ ಹೆಸರು ಸಾಕು. ಮಂದಿ ಮುಂದ ನಿಂತಾಗ ಮಾತ್ರ ನಾನು ದಾರೂವಾಲಾ."

ಪತ್ರ ಮಡಚಿ ಶಿರೀನ್‌ಬಾಯಿ ನನ್ನ ಕಡೆ ನೋಡಿದರು. "ಅವರು ಕೇಳಿದ್ದಕ್ಕ ಅಜ್ಜ ಒಪ್ಪಲಿಲ್ಲ. ನೀ ಕೇಳದೇ ಮಾಡಿಬಿಟ್ಟಿ."

ಮನೆಗೆ ಹೋಗಿ ಬಸವರಾಜನಿಗೆ ಹೇಳಿದೆ. ಅವನು ರೊಟ್ಟಿಯ ಹಿಟ್ಟು ಕಲಸುತ್ತಿದ್ದವನು ಕೈ ನಿಲ್ಲಿಸಿದ.

"ನಾಲ್ಕೂವರಿ ವರ್ಷ ಮೆಣಸಿನಕಾಯಿ ಅನ್ನಾಂವನ ಜೋಡಿ ಒಂದ ಒಲಿ ಮ್ಯಾಲೆ ಅಡಗಿ ಮಾಡೀಯಲ್ಲೋ. ಅದು ಏನಂತ ತಿಳಿದಿದ್ದಿ?"

"ನೀನು ಸಿಟ್ಟಿನವನು ಅಂತ ಯಾರೋ ಇಟ್ಟಿರಬೇಕು ಅಂದುಕೊಂಡಿದ್ದೆ."

"ಇವತ್ತ ಸಿಟ್ಟು ಬಂತು ನೋಡು" ಎಂದ. "ಮುಂದಿನ ವಾರ ಶುಕ್ರವಾರದ ಮೀಟಿಂಗಿನ್ಯಾಗ ಏನು ಹೇಳತಿ?"

ಅದೇ ಪ್ರಶ್ನೆ. ತಪ್ಪು ನನ್ನದು ಎಂದರೆ ಗ್ರೀನ್ ಕಾರ್ಡಿಗೆ ಕಾಲೇಜು ಬರೆದುಕೊಡಬೇಕಾದ ಪತ್ರ ಏನಾಗುತ್ತದೋ ಗೊತ್ತಿಲ್ಲ. ಸುಮ್ಮನಿದ್ದರೆ ಪೆಟ್ಟಿಗೆಗಳು ಬೀದಿಗೆ. ಬರೀ ಕಾರ್ಡು ತಿದ್ದಿದರೂ ಪ್ರಯೋಜನವಿಲ್ಲ. ನಾಲ್ಕು ವರ್ಷದ ಸೊನ್ನೆ ಸೊನ್ನೆಯೇ.

ಮರುದಿನ ಒಂದು ವಿಷಯ ಹೊಳೆಯಿತು. ವಿಚಾರಣೆಯ ಮೇಜಿನಲ್ಲಿ, ಕೇಳಿದ್ದು ನಮ್ಮಲ್ಲಿ ಇಲ್ಲ ಎಂದಾದಾಗ ಒಂದು ಚೀಟಿ ಬರೆದು ಬೂಟಿನ ಡಬ್ಬಿಗೆ ಹಾಕುತ್ತಿದ್ದರು. ಆ ಚೀಟಿಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಕೊಡದೆ ಇದ್ದದ್ದು ಬಳಕೆಯಲ್ಲ ಎಂದು ನಾನೇ ಹಿಂದೊಮ್ಮೆ ಹೇಳಿದ್ದೆ. ಡಬ್ಬಿಗಳು ಆರು. ಎರಡು ದಿನ ಊಟದ ಬಿಡುವಿನಲ್ಲಿ ಕೂತು ಎಲ್ಲ ಚೀಟಿ ನೋಡಿದೆ. ದಾರೂವಾಲಾ ಕಾಗದಗಳು ಇವೆಯೇ ಎಂದು ಕೇಳಿದವರು ಹನ್ನೊಂದು ಮಂದಿ. ಮೂವರು ಖುದ್ದಾಗಿ ಬಂದಿದ್ದರು, ಎಂಟು ಜನ ಪತ್ರ ಬರೆದಿದ್ದರು, ಅದರಲ್ಲಿ ಇಬ್ಬರು ಇಂಗ್ಲೆಂಡಿನಿಂದ. ಹನ್ನೊಂದು ಚೀಟಿಯ ಮೇಲೂ ಒಂದೇ ಉತ್ತರ: ಇಲ್ಲ.

ಜೂನ್ 21, ಎರಡು ಗಂಟೆ. ಮೇಜಿನ ಸುತ್ತ ಮೂವರು ಸಮಿತಿಯವರು, ಮಿಸ್ ಹಾಫ್‌ಮನ್, ನಾನು. ಏಳನೆಯ ಹೆಸರು ಬಂದಾಗ ಅಧ್ಯಕ್ಷರು, "ಮಾಣೆಕ್. ಬಳಕೆ ಸೊನ್ನೆ. ವಿಲೇವಾರಿ" ಎಂದು ಓದಿದರು.

"ಆ ಸೊನ್ನೆ ತಪ್ಪು" ಎಂದೆ.

"ಎಣಿಸಿದವರು ಯಾರು?"

"ನಾನು. ಎಣಿಕೆ ಸರಿ. ಹೆಸರು ತಪ್ಪು. ಅದನ್ನು ಕೊಟ್ಟವನೂ ನಾನೇ. ಹನ್ನೊಂದು ಜನ ಕೇಳಿದರು. ನಾವು ಇಲ್ಲ ಅಂದು ಕಳಿಸಿದೆವು."

ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟೆ. ಅಧ್ಯಕ್ಷರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ನಾವು ಉಳಿಸಿಕೊಳ್ಳಲು ತೀರ್ಮಾನಿಸಿದ್ದ ಸಂಗ್ರಹಗಳಲ್ಲೇ ಅತಿ ಹೆಚ್ಚು ಬೇಡಿಕೆ ಎಂದರೆ ನಾಲ್ಕು ವರ್ಷದಲ್ಲಿ ಒಂಬತ್ತು. ನಾವು ಇಲ್ಲವೆಂದದ್ದು ಎಲ್ಲಕ್ಕಿಂತ ಮುಂದೆ ಇತ್ತು.

"ಇದನ್ನು ಉಳಿಸಬೇಕಾಗುತ್ತದೆ" ಎಂದರು ಅಧ್ಯಕ್ಷರು, ಬೇಸರದಿಂದ. ನನ್ನ ತಪ್ಪಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಎಂಟನೆಯ ಸಂಗ್ರಹಕ್ಕೆ ಹೋದರು.

ಹೊರಗೆ ಬಂದ ಮೇಲೆ ಮಿಸ್ ಹಾಫ್‌ಮನ್ ಸ್ಕೇಲನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟರು. "ಜಿ ಬಿಡಲು ಹೇಳಿದವಳು ನಾನು. ಅದೂ ಹೆಸರಿನ ಭಾಗವೇ?"

"ಹೌದಂತೆ. ಅವರ ಮೊಮ್ಮಗಳು ಹೇಳಿದರು."

"ಅರವತ್ತನಾಲ್ಕು ಕಾರ್ಡು. ಸೋಮವಾರದಿಂದ." ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಹಳೆಯದರಲ್ಲಿ ಒಂದನ್ನು ಎಸೆಯಬೇಡಿ. ಎಂ ಡ್ರಾಯರ್‌ನಲ್ಲಿ ಇರಲಿ. 'ಮಾಣೆಕ್, ಸೊರಾಬ್: ದಾರೂವಾಲಾ ನೋಡಿ' ಎಂದು ಬರೆಯಿರಿ. ನಿಮ್ಮ ಹಾಗೆ ಯೋಚಿಸುವವರು ಇನ್ನೊಬ್ಬರು ಬಂದರೆ ಅವರಿಗೂ ಸಿಗಲಿ."

ಗ್ರೀನ್ ಕಾರ್ಡಿನ ಪತ್ರ ಬರೆದುಕೊಟ್ಟವರೂ ಅವರೇ. ಅದರಲ್ಲಿ ನನ್ನ ಹೆಸರನ್ನು ಎರಡು ಕಡೆ ಎರಡು ರೀತಿ ಬರೆದಿದ್ದರು.

ಶಿರೀನ್‌ಬಾಯಿಗೆ ಫೋನ್ ಮಾಡಿದಾಗ ಸಂತೋಷದ ಮಾತೇನೂ ಆಡಲಿಲ್ಲ. "ಡಿ ಡ್ರಾವರ್ದಾಗ ಬಂತೇನು?" ಎಂದರು. ಬರುತ್ತದೆ ಎಂದೆ. "ಬಂದ ಮ್ಯಾಲೆ ಹೇಳು" ಎಂದು ಇಟ್ಟರು. ಜೂನ್ 27ರ ಗುರುವಾರ ಬಸ್ಸು ಹಿಡಿದು ಬಂದು, ತಾವೇ ಡ್ರಾಯರ್ ಎಳೆದು ನೋಡಿ, ಮುಚ್ಚಿ, ಟೊರಾಂಟೋಕ್ಕೆ ಹೋದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಹನ್ನೊಂದು ಜನರಿಗೂ ಪತ್ರ ಬರೆದೆ: ಕ್ಷಮಿಸಿ, ಕಾಗದಗಳು ಇವೆ, ಬನ್ನಿ. ಏಳು ಜನ ಉತ್ತರಿಸಿದರು, ನಾಲ್ವರು ಬಂದರು. ಒಬ್ಬರು ತೀರಿಕೊಂಡಿದ್ದರು. ಇಂಗ್ಲೆಂಡಿನ ಒಬ್ಬರು ಸೌಜನ್ಯದಿಂದ, ತಮ್ಮ ಪುಸ್ತಕ ಹಿಂದಿನ ವರ್ಷವೇ ಅಚ್ಚಾಗಿದೆ ಎಂದು ಬರೆದರು. ತರಿಸಿ ನೋಡಿದೆ. ಒಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ದಾರೂವಾಲಾ ಅವರ ಖಾಸಗಿ ಕಾಗದಪತ್ರಗಳು ನಾಶವಾದಂತಿವೆ.

ಆಮೇಲಿನ ಲೇಖಕರು ಆ ಅಡಿಟಿಪ್ಪಣಿಯನ್ನು ನೋಡಿ ಬರೆದರು. ಅವರನ್ನು ನೋಡಿ ಮತ್ತೊಬ್ಬರು. 'ನಾಶವಾದಂತಿವೆ' ಎಂಬುದು ಮೂರನೆಯ ಪುಸ್ತಕದಲ್ಲಿ 'ನಾಶವಾಗಿವೆ' ಆಯಿತು, ಐದನೆಯದರಲ್ಲಿ ಬೆಂಕಿಯೂ ಬಿತ್ತು. ಯಾರ ಮನೆಗೆ ಬೆಂಕಿ ಬಿತ್ತು ಎಂದು ಯಾರೂ ಹೇಳಿಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಹದಿನಾರು ಪುಸ್ತಕ. ಪ್ರತಿ ಲೇಖಕರಿಗೂ ಪತ್ರ ಬರೆದಿದ್ದೇನೆ, ನಕಲು ಇಟ್ಟಿದ್ದೇನೆ. ಉತ್ತರ ಬಂದದ್ದು ಐದು. ಅದರಲ್ಲಿ ನಾಲ್ಕರಲ್ಲಿ ತಮ್ಮ ಪತ್ರ ತಲುಪಿದೆ ಎಂದಷ್ಟೇ ಇದೆ. ಸೊರಾಬ್‌ಜಿಯವರ ಲೆಕ್ಕ ಇನ್ನೂರ ಹನ್ನೆರಡು. ನಾನು ಇನ್ನೂ ಹದಿನಾರರಲ್ಲಿದ್ದೇನೆ.

ಆದ್ದರಿಂದ, ಓದುವವರಲ್ಲಿ ಯಾರಿಗಾದರೂ ದಾರೂವಾಲಾ ಅವರ ಕಾಗದಗಳು ಸುಟ್ಟುಹೋದವು ಎಂದು ಹೇಳುವ ಇನ್ನೊಂದು ಪುಸ್ತಕ ಸಿಕ್ಕರೆ, ಪುಸ್ತಕದ ಹೆಸರು ಮತ್ತು ಪುಟದ ಸಂಖ್ಯೆ ನನಗೆ ಬರೆದು ತಿಳಿಸಿ. ಏಳನೆಯ ಪೆಟ್ಟಿಗೆಯ ಗುಜರಾತಿ ಪತ್ರಗಳನ್ನು ಓದಬಲ್ಲವರಿದ್ದರೂ ತಿಳಿಸಿ. ಬರೆಯುವಾಗ ನಿಮ್ಮ ಪೂರ್ತಿ ಹೆಸರು ಬರೆಯಿರಿ, ಅಡ್ಡಹೆಸರಿನ ಸಮೇತ. ನೀವು ಯಾವ ಕಡೆಯವರು ಎಂದೂ ಒಂದು ಸಾಲು ಇರಲಿ.